ಆಯಸ್ಕಾಂತಕ್ಕೆ ಸಹಾಯ ಮಾಡಿದವಳು

ಒಬ್ಬ ಹೆಂಗಸನ್ನು ನಾಲ್ಕು ಜನ ಸೇರಿ ‘ಗಟ್ಟಿಗಿತ್ತಿ’ ಎಂದು ಕರೆದುಬಿಟ್ಟರೆ ಅಲ್ಲಿಗೆ ಮುಗಿಯಿತು. ಆಮೇಲೆ ಅವಳಿಗೆ ಬಸ್ಸಿನಲ್ಲಿ ಸೀಟು ಬಿಡುವವರೂ ಇರುವುದಿಲ್ಲ. ಹೊಗಳಿಕೆಗಳಲ್ಲಿ ಇಂಥವು ಕೆಲವಿವೆ. ಕೊಟ್ಟವರಿಗೆ ಕಾಸಿನ ಖರ್ಚಿಲ್ಲ, ತೆಗೆದುಕೊಂಡವರಿಗೆ ಬೆನ್ನು ಮುರಿಯುತ್ತದೆ. ಇಸ್ತ್ರಿಯಕ್ಕನಿಗೆ ಈ ಬಿರುದು ಯಾವಾಗ ಬಂತೋ ಅವಳಿಗೇ ನೆನಪಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನೀರಿನ ಕೊಡ ಹೊತ್ತು ಮೂರು ಮಹಡಿ ಹತ್ತಿದಳಲ್ಲ, ಆಗಲೇ ಇರಬೇಕು. ಅಂದಿನಿಂದ ಅವಳು ಕೆಳಗಿಳಿಸಿದ್ದೇನನ್ನೂ ಯಾರೂ ಕಂಡಿಲ್ಲ.

ದೊಡ್ಡ ಲಾಡ್ಜೊಂದರ ನೆಲಮಾಳಿಗೆಯಲ್ಲಿ ಅವಳ ಕೆಲಸ. ಒಂದು ಬದಿಯಲ್ಲಿ ಒಗೆಯುವ ಮಿಷಿನ್ನುಗಳು ದಿನವಿಡೀ ಗುಡುಗುಡು ಎನ್ನುತ್ತಿರುತ್ತವೆ. ಇನ್ನೊಂದು ಬದಿಯಲ್ಲಿ ಉದ್ದನೆಯ ಮೇಜು. ಆ ಮೇಜಿನ ಮುಂದೆ ನಿಂತು ಅವಳು ಹಾಸುಬಟ್ಟೆ, ದಿಂಬಿನ ಕವರು, ಟವೆಲ್ಲುಗಳಿಗೆ ಇಸ್ತ್ರಿ ಹಾಕುತ್ತಾಳೆ. ಕಿಟಕಿ ಎಂಬುದು ಚಾವಣಿಗೆ ಅಂಟಿಕೊಂಡ ಒಂದು ಸಂದು. ಅದರಲ್ಲಿ ಬೀದಿಯ ಜನರ ಪಾದಗಳು ಮಾತ್ರ ಕಾಣುತ್ತವೆ. ವರ್ಷಗಟ್ಟಲೆ ಬಲಗಾಲಿನ ಮೇಲೆ ಭಾರ ಹಾಕಿ ನಿಂತು ಅಭ್ಯಾಸವಾದದ್ದರಿಂದ ಮೊದಲು ಬಲಗಾಲು ನೋಯುತ್ತಿತ್ತು. ಅದನ್ನು ಉಳಿಸಲು ಎಡಗಾಲಿಗೆ ಬದಲಾಯಿಸಿದಳು. ಈಗ ಎಡ ಮಂಡಿ ಊದಿಕೊಂಡಿದೆ. ಲಾಡ್ಜಿನವರು ಬಿಸಾಡಿದ ಹಾಸುಬಟ್ಟೆಯನ್ನು ಉದ್ದುದ್ದ ಹರಿದು ಮಂಡಿಗೆ ಬಿಗಿಯಾಗಿ ಸುತ್ತಿ, ಮೇಲೆ ಬಟ್ಟೆ ಇಳಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಅವಳ ಹುಣ್ಣನ್ನು ಅವಳೇ ನೋಡುತ್ತಿರಲಿಲ್ಲ, ಇನ್ನು ಕನ್ನಡಿಯ ಮಾತೆಲ್ಲಿ?

ಅವಳ ಗಂಡ ಹಾಸಿಗೆ ಹೊಲಿಯುವವರು. ಹೊಲಿಯುತ್ತಿದ್ದವರು ಎನ್ನಬೇಕು, ಜನ ಈಗಲೂ ‘ಹಾಸಿಗೆಯವರು’ ಎಂದೇ ಕರೆಯುತ್ತಾರೆ. ಹಳೆಯ ಹಾಸಿಗೆ ಬಿಚ್ಚುವುದು, ಗಂಟುಕಟ್ಟಿದ ಹತ್ತಿಯನ್ನು ಹಿಂಜುವುದು, ಮತ್ತೆ ತುಂಬಿ ಉದ್ದನೆಯ ಸೂಜಿಯಲ್ಲಿ ಹೊಲಿಯುವುದು. ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಗಾಳಿಗೆ ಹತ್ತಿ ಹಾರಬಾರದಲ್ಲ! ಹತ್ತಿ ಹಾರಲಿಲ್ಲ ನಿಜ, ಎಲ್ಲ ಅವರ ಎದೆಯೊಳಗೇ ಹೋಯಿತು. ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟ ಮನುಷ್ಯ ಈಗ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಾರೆ. ಒಂದು ವಾಕ್ಯ ಹೇಳಲು ಮಧ್ಯೆ ಎರಡು ಸಲ ನಿಲ್ಲಬೇಕು. ಆದರೂ ಬಾಯಿ ಸುಮ್ಮನಿರದು. ಜಾಸ್ತಿ ಹೇಳುವ ಮಾತು ಒಂದೇ, “ನಂಗೆ ಸುಸ್ತು ಕಣೇ.”

ಮನೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಆಸ್ಪತ್ರೆಗೆ, ಕ್ಷೌರಕ್ಕೆ, ತಿಂಗಳಿಗೊಮ್ಮೆ ಬಿಸಿಲು ಕಾಯುವುದಕ್ಕೆ ಅವರನ್ನು ಇಳಿಸಬೇಕು, ಮತ್ತೆ ಹತ್ತಿಸಬೇಕು. ಹತ್ತಿಸುವುದೆಂದರೆ ಹೀಗೆ: ಅವರು ತಮ್ಮ ತೋಳನ್ನು ಅವಳ ಹೆಗಲ ಮೇಲೆ ಹಾಕುತ್ತಾರೆ, ಅವಳು ಅವರ ಸೊಂಟ ಹಿಡಿದುಕೊಳ್ಳುತ್ತಾಳೆ, ಅವರು ಉಸಿರು ಸಿಗದೆ ನಿಂತಾಗಲೆಲ್ಲ ಇಡೀ ಮೈಯನ್ನು ಅವಳ ಮೇಲೆ ಬಿಟ್ಟುಬಿಡುತ್ತಾರೆ. ಮನುಷ್ಯ ಬಡಕಲಲ್ಲ. ಎದೆ ಕೆಟ್ಟಿದ್ದರೂ ಕೆಳಗಿನ ಅರ್ಧ ಮೈ ಮೊದಲಿನಂತೆಯೇ ದಪ್ಪ. ಇದನ್ನೆಲ್ಲ ದೂರದಿಂದ ನೋಡುವ ನಾದಿನಿ ವಾರಕ್ಕೊಮ್ಮೆ ಫೋನು ಮಾಡಿ, “ಅತ್ತಿಗೆ, ನೀವಿರೋದಕ್ಕೆ ನಮ್ಮಣ್ಣ ಬದುಕಿದಾನೆ. ನಿಮ್ಮಂಥ ಗಟ್ಟಿ ಹೆಂಗಸು ಇನ್ನೊಬ್ಳಿಲ್ಲ ಬಿಡಿ” ಎಂದು ಹೇಳಿ, ಅಷ್ಟರಲ್ಲಿ ತನ್ನ ಪಾಲಿನ ಸೇವೆ ಸಂದಾಯವಾಯಿತೆಂಬಂತೆ ಫೋನಿಡುತ್ತಾಳೆ. ದೂರದ ಬೆಟ್ಟ ನುಣ್ಣಗೆ.

ಒಂದು ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೋದ ಚಳಿಗಾಲದಲ್ಲಿ ಎರಡನೇ ಮಹಡಿಯ ತಿರುವಿನಲ್ಲಿ ಅವಳ ಎಡ ಮಂಡಿ ಇದ್ದಕ್ಕಿದ್ದಂತೆ ಕೈಕೊಟ್ಟಿತು. ನೋವೇನೂ ಆಗಲಿಲ್ಲ, ಕಾಲೇ ಇಲ್ಲವೇನೋ ಎಂಬಂತೆ ಮಡಚಿಕೊಂಡಿತು. ಇಬ್ಬರೂ ಉರುಳಬೇಕಾಗಿತ್ತು. ಅವಳು ಮೊಣಕೈಯನ್ನು ಗೋಡೆಗೆ ಅಪ್ಪಳಿಸಿ ಹೇಗೋ ತಡೆದಳು. “ಏನಾಯ್ತೇ?” ಎಂದಾಗ, “ಹಾಳು ಚಪ್ಪಲಿ, ಜಾರ್ತು” ಎಂದಳು. ಅಂದಿನಿಂದ ಪ್ರತಿ ಮೆಟ್ಟಿಲಿಗೂ ಅವಳೊಳಗೆ ಒಂದೇ ಹೆದರಿಕೆ: ಇನ್ನೊಮ್ಮೆ ಹಾಗಾದರೆ ಇವರು ಕೆಳಗೆ, ನಾನು ಇವರ ಮೇಲೆ. ಬಾಯಿ ಬಿಟ್ಟು ಹೇಳಿದರೆ ಮಾಡುವವರು ಯಾರು? ಹೇಳದಿದ್ದರೆ ಎಷ್ಟು ದಿನ? ಆಡುವಂತಿಲ್ಲ, ಅನುಭವಿಸುವಂತಿಲ್ಲ.

ಹಾಗಿರುವಾಗ ಎದೆ ಡಾಕ್ಟರು ಒಂದು ಮಾತು ಹೇಳಿದರು. ಶ್ವಾಸಕೋಶ ಹೋದದ್ದು ಹೋಯಿತು, ಅದನ್ನು ತಿರುಗಿ ತರುವುದಕ್ಕಾಗದು. ಆದರೆ ಇಂಥ ರೋಗಿಗಳು ಉಸಿರಿಗೆ ಹೆದರಿ ಓಡಾಡುವುದನ್ನು ಬಿಡುತ್ತಾರೆ, ಓಡಾಡದೆ ತೊಡೆಯ ಸ್ನಾಯುಗಳು ಸೊರಗುತ್ತವೆ, ಸೊರಗಿದ ಕಾಲಿಗೆ ಇನ್ನಷ್ಟು ಉಸಿರು ಬೇಕಾಗುತ್ತದೆ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಈಗ ಆಯಸ್ಕಾಂತದ ಮಿಷಿನ್ನು ಬಂದಿದೆ, ಕಾಲಿನ ಬಲವನ್ನು ಅದು ಅಳೆಯುತ್ತದೆ. ಕಾಲು ಸೋತಿದ್ದರೆ ವಾರದಲ್ಲಿ ಕೆಲವು ದಿನ ಕೂರಿಸಿ ಅದೇ ಆಯಸ್ಕಾಂತದಿಂದ ಸ್ನಾಯುವಿಗೆ ಕಸರತ್ತು ಮಾಡಿಸುತ್ತಾರೆ. ರೋಗಿ ಉಸಿರು ಬಿಗಿಹಿಡಿದು ದುಡಿಯಬೇಕಾಗಿಲ್ಲ. “ಹತ್ತೋದು ಸುಲಭ ಆಗ್ಬಹುದು. ನೋಡೋಣ” ಎಂದರು.

ಇಸ್ತ್ರಿಯಕ್ಕ ‘ನೋಡೋಣ’ ಎಂಬುದನ್ನು ಬಿಟ್ಟು ‘ಸುಲಭ ಆಗ್ಬಹುದು’ ಎಂಬುದನ್ನು ಮಾತ್ರ ಮನೆಗೆ ತಂದಳು. ಇವರ ಕಾಲಿಗೆ ಬಲ ಬಂದರೆ ತನ್ನ ಹೆಗಲಿನಿಂದ ಆ ತೋಳು ಇಳಿಯುತ್ತದೆ. ಅಷ್ಟೇ ಅವಳ ಆಸೆ. ಗಂಡನ ಆರೋಗ್ಯದ ಆಸೆಯೂ ಇತ್ತು, ಇಲ್ಲವೆನ್ನಲಾಗದು, ಆದರೆ ಅದು ಎರಡನೆಯದು. ಮೊದಲನೆಯದು ಹೆಗಲು. ಹಾಗೆ ಯೋಚಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು, ಬೈದುಕೊಂಡ ಮೇಲೂ ಹಾಗೆಯೇ ಯೋಚಿಸಿದಳು.

ಆ ಮಿಷಿನ್ನಿನ ಕೋಣೆ ಸಣ್ಣದು. ಹಲ್ಲು ಡಾಕ್ಟರರಲ್ಲಿ ಇರುವಂಥ ಒರಗುವ ಕುರ್ಚಿ, ಅದರ ಕಾಲ ಬಳಿ ಒಂದು ಅಗಲವಾದ ಪಟ್ಟಿ, ಪಟ್ಟಿಯಿಂದ ಹಿಂದಕ್ಕೆ ಬಿಗಿದ ತಂತಿ, ಪಕ್ಕದಲ್ಲಿ ಕಂಪ್ಯೂಟರಿನ ಪರದೆ. ಎರಡು ಬಳೆಗಳನ್ನು ಜೋಡಿಸಿದಂತಿದ್ದ ಒಂದು ಕಪ್ಪು ಸಾಧನಕ್ಕೆ ಹೆಬ್ಬೆರಳು ದಪ್ಪದ ವೈರು. ಅದೇ ಆಯಸ್ಕಾಂತ. ಅದನ್ನು ನಡೆಸುವ ಹುಡುಗಿಗೆ ಮೂವತ್ತರ ಒಳಗಿನ ವಯಸ್ಸು, ಕಣ್ಣಿನ ಕೆಳಗೆ ಎರಡು ಹೆರಿಗೆಯ ಆಯಾಸ. ಹಾಸಿಗೆಯವರು ಒಳಗೆ ಹೋದ ಕೂಡಲೇ ಅವಳಿಗೆ ‘ಮ್ಯಾಗ್ನೆಟ್ ಮೇಡಂ’ ಎಂದು ಹೆಸರಿಟ್ಟರು. ಅವಳಿಗೆ ನಗು ಬಂತು, ಆದರೆ ನಗಲೂ ಪುರುಸೊತ್ತಿರಲಿಲ್ಲ.

“ಎದೆಯಲ್ಲಿ ಬ್ಯಾಟರಿ ಕೂಡ್ಸಿದಾರಾ? ಮೈಯಲ್ಲಿ ಎಲ್ಲಾದ್ರೂ ರಾಡು, ಸ್ಕ್ರೂ? ಕೀಲಿಕೈ, ವಾಚು, ಫೋನು ಎಲ್ಲ ಆ ಟ್ರೇನಲ್ಲಿ ಇಡಿ ಯಜಮಾನ್ರೇ.”

“ಮೈಯಲ್ಲಿ ಇರೋದೆಲ್ಲ... ಹತ್ತಿ ತಾಯಿ,” ಎಂದರು ಹಾಸಿಗೆಯವರು. “ಅದನ್ನ ಆಯಸ್ಕಾಂತ... ಎಳೆಯಲ್ಲ.”

ಮೊದಲು, ಕಾಲು ಅಲುಗಿಸದೆ ಸ್ವಲ್ಪ ಹೊತ್ತು ಕೂರಬೇಕು. ನಡೆದು ಬಂದ ಸ್ನಾಯು ಬಿಸಿಯಾಗಿರುತ್ತದೆ, ಅಳತೆ ತಪ್ಪುತ್ತದೆ. ಆಮೇಲೆ ಕಣಕಾಲಿಗೆ ಪಟ್ಟಿ ಕಟ್ಟಿ, “ಮುಂದಕ್ಕೆ ಒದೀರಿ, ಎಷ್ಟಾಗತ್ತೋ ಅಷ್ಟು” ಎಂದಳು ಮ್ಯಾಗ್ನೆಟ್ ಮೇಡಂ. ಅವರು ಒದ್ದರು, ಎರಡು ಕ್ಷಣಕ್ಕೆ ಉಸಿರು ಮೇಲೆ ಬಂದು ಕೈಬಿಟ್ಟರು. ಪರದೆಯ ಗೆರೆ ಅರ್ಧಕ್ಕೆ ಹೋಗಿ ಬಿದ್ದುಹೋಯಿತು.

“ಪರವಾಗಿಲ್ಲ. ಇದು ನೀವು ಮಾಡಿದ್ದು. ಈಗ ನಿಮ್ಮನ್ನ ಕೇಳದೆ ಕಾಲನ್ನೇ ಕೇಳೋಣ. ನೀವೇನೂ ಮಾಡ್ಬೇಡಿ.” ಅವಳು ಆ ಜೋಡಿಬಳೆಯನ್ನು ಬಟ್ಟೆಯ ಮೇಲಿನಿಂದಲೇ ತೊಡೆಯ ಸಂದಿಗೆ ಒತ್ತಿ ಹಿಡಿದಳು. ಟಕ್! ಮರದ ಸ್ಕೇಲಿನಿಂದ ಮೇಜಿಗೆ ಬಡಿದಂಥ ಸದ್ದು. ಹಾಸಿಗೆಯವರ ಕಾಲು ಅವರನ್ನು ಕೇಳದೆ ಪಟ್ಟಿಯನ್ನು ಜಗ್ಗಿತು. ಅವರು ತಮ್ಮ ಕಾಲನ್ನೇ ಬೇರೆ ಯಾರದೋ ಎಂಬಂತೆ ನೋಡಿದರು. ಮತ್ತೆ ಟಕ್, ಮತ್ತೆ ಟಕ್. ಪರದೆಯಲ್ಲಿ ಗೆರೆ ಚೂಪಾಗಿ ಮೇಲೆದ್ದು ಇಳಿಯಿತು, ಪ್ರತಿ ಸಲವೂ ಅಷ್ಟೇ ಎತ್ತರಕ್ಕೆ. ಮೇಡಂ ಹುಬ್ಬು ಗಂಟಿಕ್ಕಿದಳು.

ಗೋಡೆ ಬದಿಯಲ್ಲಿ ನಿಂತಿದ್ದ ಇಸ್ತ್ರಿಯಕ್ಕನ ಕಡೆ ತಿರುಗಿ, “ಅಮ್ಮ, ನೀವೂ ಒಂದ್ಸಲ ಕೂರ್ತೀರಾ?” ಎಂದಳು. “ರೋಗ ಇಲ್ದೆ ಇರೋವ್ರು, ಹೆಚ್ಚುಕಡಿಮೆ ಅದೇ ವಯಸ್ಸಿನೋರು, ಅಂಥವ್ರ ಅಳತೆ ನಮಗೆ ಬೇಕು. ಹೋಲಿಸಿ ನೋಡೋಕೆ. ಜೊತೆಗೆ ಬಂದೋರನ್ನೇ ಕೇಳ್ತೀವಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬೇಡವೆನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಶುರುಮಾಡಿದರು. “ನೋಡಿ ಮೇಡಂ, ನೋಡಿ. ಅವಳ ಕಾಲು... ಕಂಬ. ನನ್ನನ್ನೇ... ಹೊತ್ಕೊಂಡು ಹತ್ತತಾಳೆ. ನಿಮ್ಮ ಮಿಷಿನ್ನು... ಒಡೆದೋಗತ್ತೆ.” ಅವರ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಆ ಹೆಮ್ಮೆಯ ಮುಂದೆ ಇಲ್ಲ ಎನ್ನುವುದು ಹೇಗೆ? ಅದೂ ಅಲ್ಲದೆ ಬೆಳಗಿನಿಂದ ಅವಳು ಕೂತಿರಲಿಲ್ಲ, ಕುರ್ಚಿ ಮೆತ್ತಗಿತ್ತು. ಪಿನ್ನು, ಕೀಲಿಕೈ ತೆಗೆದು ಟ್ರೇಯಲ್ಲಿಟ್ಟಳು. ಮಂಡಿಯ ಪಟ್ಟಿಯನ್ನು ಬಟ್ಟೆಯ ಮರೆಯಲ್ಲೇ ಬಿಚ್ಚಿ ಮುದುರಿ ಚೀಲಕ್ಕೆ ತುರುಕಿದಳು.

ಸುಮ್ಮನೆ ಕೂರುವ ಹೊತ್ತಿನಲ್ಲೇ ಮೊದಲ ಎಡವಟ್ಟು. ಮೇಡಂ ಏನೋ ಬರೆದು ತಿರುಗಿ ನೋಡಿದರೆ ಇಸ್ತ್ರಿಯಕ್ಕ ಕುರ್ಚಿಯಲ್ಲಿರಲಿಲ್ಲ. ಟ್ರಾಲಿಯ ಮೇಲೆ ಅಡ್ಡಾದಿಡ್ಡಿ ಮಡಚಿಟ್ಟಿದ್ದ ಟವೆಲ್ಲುಗಳನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ, ಮತ್ತೆ ಮಡಚುತ್ತಿದ್ದಳು.

“ಅಯ್ಯೋ ಅಮ್ಮ, ಏಳಬೇಡಿ ಅಂದ್ನಲ್ಲ! ಮತ್ತೆ ಮೊದಲಿಂದ ಕೂರ್ಬೇಕು ಈಗ.”

“ಇದ್ಯಾರು ಮಡಚಿದ್ದು? ಒಂದು ಕಿವಿ ಆ ಕಡೆ, ಒಂದು ಕಿವಿ ಈ ಕಡೆ” ಎಂದು ಗೊಣಗುತ್ತ ಅವಳು ಮತ್ತೆ ಕೂತಳು.

ಆಮೇಲೆ ಒದೆಯುವ ಸರದಿ. ಅವಳು ಕುರ್ಚಿಯ ಎರಡೂ ಅಂಚನ್ನು ಹಿಡಿದು, ಹಲ್ಲು ಕಚ್ಚಿ, ಸೊಂಟ ಎತ್ತಿ ಒದ್ದಳು. ಗೆರೆ ಭರ್ಜರಿಯಾಗಿ ಏರಿತು. “ನೋಡಿದ್ರಾ!” ಎಂದರು ಹಾಸಿಗೆಯವರು. ಮೇಡಂ ತಲೆ ಆಡಿಸಿ, “ಕೈ ಎದೆ ಮೇಲೆ ಕಟ್ಕೊಳ್ಳಿ ಅಮ್ಮ, ಸೊಂಟ ಎತ್ತಬಾರ್ದು. ಇದು ಬೆನ್ನಿನ ಬಲ, ತೊಡೇದಲ್ಲ” ಎಂದಳು. ಕೈ ಕಟ್ಟಿಕೊಂಡರೆ ಗೆರೆ ಅಷ್ಟು ಏರಲಿಲ್ಲ. ಇಷ್ಟು ಕಾಲ ಮೆಟ್ಟಿಲು ಹತ್ತಿಸಿದ್ದು ಕಾಲಲ್ಲ, ಉಳಿದ ಇಡೀ ಮೈ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ತಿಳಿದುಹೋಯಿತು. ಬೇರೆ ಯಾರಿಗೂ ಇನ್ನೂ ತಿಳಿದಿರಲಿಲ್ಲ.

ಕೊನೆಗೆ ಆಯಸ್ಕಾಂತ. “ಈಗ ಏನೂ ಮಾಡ್ಬೇಡಿ. ಕಾಲು ಸತ್ತ ಹಾಗೆ ಬಿಟ್ಬಿಡಿ.” ಟಕ್! ಗೆರೆ ಓರೆಕೋರೆಯಾಗಿ ಎದ್ದಿತು. ಮೇಡಂ ಬೇಡವೆಂದು ಅಳಿಸಿದಳು. ಮತ್ತೆ ಟಕ್. ಮತ್ತೆ ಅಳಿಸಿದಳು.

“ಅಮ್ಮ, ಸದ್ದು ಬರೋದಕ್ಕೆ ಮೊದಲೇ ನೀವು ಕಾಲು ಬಿಗಿ ಮಾಡ್ತಿದೀರಿ.”

“ಇಲ್ಲಪ್ಪ, ನಾನೇನು ಮಾಡ್ದೆ?”

“ಮಾಡ್ತಿದೀರಿ. ನೀವು ಮಿಷಿನ್‌ಗೆ ಸಹಾಯ ಮಾಡ್ತಿದೀರಿ.”

ಮೂಲೆಯಿಂದ ಗಂಡ ನಕ್ಕರು, ನಗು ಕೆಮ್ಮಾಯಿತು. ಆ ಮಿಷಿನ್ನಿನ ಮುಂದೆ ಎಷ್ಟೋ ಜನ ಕೂತಿದ್ದಾರೆ. ಹೆದರಿದವರಿದ್ದಾರೆ, ಕಿರುಚಿದವರಿದ್ದಾರೆ, ಕಾಲು ಎಳೆದುಕೊಂಡವರಿದ್ದಾರೆ. ಪಾಪ ಅದೊಂದಕ್ಕೇ ಕಷ್ಟವಾಗುತ್ತದೆಂದು ಕೈಜೋಡಿಸಲು ಹೋದವಳು ಇವಳೊಬ್ಬಳೇ. ಅವಳು ಬೇಕೆಂದು ಮಾಡುತ್ತಿರಲಿಲ್ಲ. ಎದುರಿಗೆ ಏನಾದರೂ ಎತ್ತುವ ಸೂಚನೆ ಕಂಡರೆ ಸಾಕು, ಅವಳ ಮೈ ಹೇಳದೆಯೇ ಹೆಗಲು ಕೊಡುತ್ತಿತ್ತು.

ಮೇಡಂ ಆಯಸ್ಕಾಂತ ಪಕ್ಕಕ್ಕಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಅವಳ ಹಿಮ್ಮಡಿಯನ್ನು ತನ್ನ ಅಂಗೈಯಲ್ಲಿ ಹಿಡಿದಳು. “ಭಾರ ನನ್ನ ಕೈ ಮೇಲೆ ಹಾಕಿ.”

“ಹಾಕಿದೀನಿ.”

“ಇಲ್ಲಮ್ಮ. ನಿಮ್ಮ ಕಾಲನ್ನ ನೀವೇ ಎತ್ತಿ ಹಿಡಿದಿದೀರಿ.”

“ನಿನ್ನ ಕೈ ನೋಯಲ್ವಾ ಮಗಳೇ?”

“ನೋಯಲ್ಲ. ಬಿಡಿ.”

“ಅವಳಿಗೆ... ಬಿಡೋಕೆ ಬರಲ್ಲ,” ಎಂದರು ಹಾಸಿಗೆಯವರು. ಹೇಳಿದ್ದು ತಮಾಷೆಗೆ.

ಹುಡುಗಿ ಅವಸರ ಮಾಡಲಿಲ್ಲ. ಹಿಮ್ಮಡಿಯನ್ನು ಹಿಡಿದುಕೊಂಡೇ ಕಾದಳು. ಇಸ್ತ್ರಿಯಕ್ಕ ಬಿಡಲು ನೋಡಿದಳು. ತೊಡೆ ಒಂದಿಷ್ಟು ಸಡಿಲಾಗಿ ಮತ್ತೆ ಬಿಗಿದುಕೊಂಡಿತು. ಯಾರ ಕೈಯ ಮೇಲಾದರೂ ತನ್ನ ಭಾರ ಹಾಕಿ ಎಷ್ಟು ಕಾಲವಾಯಿತು? ಅಮ್ಮ ಇದ್ದಾಗ ಇರಬೇಕು. ಅಮ್ಮನ ಅಂಗೈಯೂ ಹೀಗೇ ಬೆಚ್ಚಗೆ, ಒರಟಾಗಿ ಇತ್ತೆಂದು ನೆನಪಾಯಿತು. ಆಗ ಯಾವುದೋ ಗಳಿಗೆಯಲ್ಲಿ, ಅವಳಿಗೇ ಗೊತ್ತಾಗದಂತೆ, ಕಾಲು ಆ ಕೈಗೆ ಬಿತ್ತು. ಮೇಡಂ ಮೆಲ್ಲನೆ ಅದನ್ನು ಪಟ್ಟಿಗಿಳಿಸಿ ಆಯಸ್ಕಾಂತ ಒತ್ತಿದಳು. ಟಕ್!

ಪರದೆಯಲ್ಲಿ ಒಂದು ಪುಟ್ಟ ದಿಬ್ಬ ಎದ್ದು ಮಲಗಿತು. ಅಷ್ಟೇ.

ಪಟ್ಟಿ ಸಡಿಲವಾಗಿರಬೇಕೆಂದು ಮೇಡಂ ಬಿಗಿದಳು. ಮತ್ತೆ ಅದೇ ದಿಬ್ಬ. ವೈರು ನೋಡಿದಳು, ಆಯಸ್ಕಾಂತವನ್ನು ಸ್ವಲ್ಪ ಆಚೆ ಈಚೆ ಸರಿಸಿದಳು, ಬಲಗಾಲಿಗೆ ಕಟ್ಟಿ ನೋಡಿದಳು. ಬಲಗಾಲೂ ಅಷ್ಟಕ್ಕಷ್ಟೆ. ಎಡಗಾಲಂತೂ ಗಂಡನ ಗೆರೆಯ ಅರ್ಧಕ್ಕೂ ಬರಲಿಲ್ಲ. ಕೊನೆಗೆ ಅವಳು ಬಟ್ಟೆಯನ್ನು ಒಂದಿಷ್ಟು ಮೇಲಕ್ಕೆ ಸರಿಸಿ ಮಂಡಿ ನೋಡಿದಳು. ಪಟ್ಟಿ ಬಿಗಿದ ಗುರುತು ಕೆಂಪಗೆ ಎದ್ದು ಕಾಣುತ್ತಿತ್ತು. ಮಂಡಿ ದಪ್ಪ, ಅದರ ಮೇಲಿನ ತೊಡೆ ಕೈಯಲ್ಲಿ ಹಿಡಿಯುವಷ್ಟು ತೆಳ್ಳಗೆ.

“ಯಾವಾಗಿನಿಂದ ಅಮ್ಮ ಇದು?”

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ,” ಎಂದಳು ಇಸ್ತ್ರಿಯಕ್ಕ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿರಲಿಲ್ಲ.

ಮೇಡಂ ಇಬ್ಬರನ್ನೂ ಕೂರಿಸಿ ಹೇಳಿದಳು. ಹೇಳುವಾಗ ಅವಳಿಗೂ ಮುಜುಗರ. ಯಜಮಾನರ ತೊಡೆಗೆ ವಯಸ್ಸಿಗೆ ತಕ್ಕ ಬಲ ಇದೆ. ಒದೆಯುವಾಗ ಅವರು ಅರ್ಧಕ್ಕೆ ನಿಲ್ಲಿಸಿದ್ದು ಉಸಿರು ಸಾಲದೆ, ಹೆದರಿಕೆಗೆ; ಕಾಲು ಸೋತಲ್ಲ. ಆಯಸ್ಕಾಂತದ ತರಬೇತಿ ಸೋತ ಕಾಲಿಗೆ ಮಾತ್ರ. ಅವರಿಗೆ ಅದು ಬೇಕಾಗಿಲ್ಲ. ಉಸಿರು ಹಿಡಿತಕ್ಕೆ ತಂದುಕೊಂಡು ನಿಧಾನವಾಗಿ ನಡೆಯುವುದನ್ನು ಹೇಳಿಕೊಡುವವರು ಬೇರೆ ಇದ್ದಾರೆ. “ಆದ್ರೆ ಅಮ್ಮ, ನೀವು ಮೂಳೆ ಡಾಕ್ಟರ್‌ಗೆ ಮಂಡಿ ತೋರಿಸ್ಲೇಬೇಕು. ಈ ಕಾಲಲ್ಲಿ ನೀವು ಇವರನ್ನ ಹೆಂಗೆ ಹತ್ತಿಸ್ತಿದ್ರೋ ನನಗಂತೂ ಗೊತ್ತಾಗ್ತಿಲ್ಲ.”

ಹಾಸಿಗೆಯವರು ಪರದೆಯನ್ನು ನೋಡುತ್ತ ಕೂತರು. ಮೇಲೆ ಅವರ ಗೆರೆ, ಕೆಳಗೆ ಅವಳದು.

ಬಸ್ಸಿನಲ್ಲಿ ಇಸ್ತ್ರಿಯಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು, ಏನೂ ಕಾಣುತ್ತಿರಲಿಲ್ಲ. ಕಟ್ಟಿಕೊಂಡಿದ್ದ ಆಸೆ ನೀರಿನಲ್ಲಿ ಹೋಮವಾಗಿತ್ತು. ಅವರ ಕಾಲಿಗೆ ಬಲ ಬಂದ ಮೇಲೆ ಇಳಿಯುತ್ತದೆಂದುಕೊಂಡಿದ್ದ ಭಾರ ಅದು. ಕಾಲಿಗೆ ಬಲ ಮೊದಲೇ ಇತ್ತಂತೆ! ಅಂದರೆ ಇಳಿಯುವುದು ಯಾವಾಗ? ದುಃಖವೋ ಸಿಟ್ಟೋ ತಿಳಿಯದ ಒಂದು ಸುಸ್ತು ಅವಳ ಮೈತುಂಬ ಹರಡಿತು. ಸ್ಟಾಪು ಬಂದಾಗ ಏಳುವುದೇ ಬೇಡ, ಬಸ್ಸು ಎಲ್ಲಿಗಾದರೂ ಹೋಗಲಿ ಅನ್ನಿಸಿತು. ಎದ್ದಳು, ಏಳದೆ ಏನು ಮಾಡುವುದು?

ಮೆಟ್ಟಿಲ ಬುಡದಲ್ಲಿ ಅವರ ತೋಳು ಅಭ್ಯಾಸದಂತೆ ಅವಳ ಹೆಗಲಿಗೆ ಬಂತು. ಬಂದದ್ದು ಅಲ್ಲೇ ಗಾಳಿಯಲ್ಲಿ ನಿಂತಿತು. ಅವರು ಕೈ ಹಿಂದಕ್ಕೆಳೆದುಕೊಂಡು ಕಂಬಿ ಹಿಡಿದರು. ಒಬ್ಬರ ಹಿಂದೆ ಒಬ್ಬರು ಹತ್ತಿದರು. ಮೊದಲ ತಿರುವಿನಲ್ಲಿ ಅವರ ಉಸಿರು ಸಿಳ್ಳೆ ಹೊಡೆಯತೊಡಗಿತು, ಮುಖ ನೀಲಿಗೆ ತಿರುಗಿತು, ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವಳೂ ಕೂತಳು, ಮಂಡಿ ಮಡಚಲಾಗದೆ ಎಡಗಾಲನ್ನು ಉದ್ದಕ್ಕೆ ಚಾಚಿಕೊಂಡು. ಕೆಳಗಿನ ಮನೆಯ ಪ್ರೆಷರ್ ಕುಕ್ಕರು ಕೂಗಿ ನಿಂತಿತು.

“ಕಾಲು ಗಟ್ಟಿ ಇತ್ತಂತಲ್ಲ,” ಎಂದಳು ಅವಳು. “ಇಷ್ಟು ವರ್ಷ ಯಾಕ್ರೀ ನನ್ನ ಮೇಲೆ ಬಿದ್ರಿ?”

“ನಂಗೇನೇ ಗೊತ್ತಿತ್ತು? ಉಸಿರು ನಿಂತಾಗ... ಇದೇ ಕೊನೇದು ಅನ್ಸತ್ತೆ. ಆಗ ಏನಾದ್ರೂ... ಹಿಡ್ಕೋಬೇಕು.”

“ಕಂಬಿ ಇರಲಿಲ್ವಾ? ಗೋಡೆ ಇರಲಿಲ್ವಾ?”

ಅವರು ತುಂಬ ಹೊತ್ತು ಉಸಿರಾಡಿದರು. “ಗೋಡೆ ಹಿಡ್ಕೊಂಡ್ರೆ... ಸಾಯೋವಾಗ ಒಬ್ನೇ ಇದೀನಿ ಅನ್ಸತ್ತೆ ಕಣೇ.”

ಈ ಮಾತು ಕೇಳಿ ಅವಳ ಮನಸ್ಸು ಕರಗಿ ನೀರಾಯಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಕರಗಲಿಲ್ಲ. ಕರಗುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

“ನಂಗೂ ಅನ್ಸತ್ತೆ,” ಎಂದಳು. “ನಿಮ್ಮನ್ನ ಹೊತ್ಕೊಂಡಿರೋವಾಗ್ಲೇ ಅನ್ಸತ್ತೆ, ಒಬ್ಳೇ ಇದೀನಿ ಅಂತ. ಚಪ್ಪಲಿ ಜಾರಿದ್ದಲ್ಲ ಅವತ್ತು. ಕಾಲು ಮಡಚ್ಕೊಂಡ್ಬಿಡ್ತು. ಇಬ್ರೂ ಸಾಯ್ತಿದ್ವಿ.”

ಅವರು ಅವಳನ್ನು ನೋಡಿದರು. ಆಮೇಲೆ ಕಂಬಿ ಹಿಡಿದು ಎದ್ದು, ಒಂದು ಮೆಟ್ಟಿಲು ಹತ್ತಿ ನಿಂತು, ಮತ್ತೊಂದು ಹತ್ತಿ ನಿಂತು ಮುಂದೆ ಹೋದರು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಸಂಜೆಯಾಗಿತ್ತು. ಎರಡು ಸಲ ಅವರ ಕೈ ಅವಳ ಕಡೆ ಬಂತು, ಎರಡು ಸಲವೂ ಹಿಂದೆ ಹೋಯಿತು. ಅವಳು ಕೈ ಚಾಚಲಿಲ್ಲ. ಚಾಚದೆ ಇರುವುದಕ್ಕೇ ಅವಳಿಗೆ ಹತ್ತಿಸುವುದಕ್ಕಿಂತ ಹೆಚ್ಚು ಬಲ ಬೇಕಾಯಿತು.

ಮೂಳೆ ಡಾಕ್ಟರಿಗೆ ಮಂಡಿ ತೋರಿಸಲು ಅವಳು ತಾನಾಗಿ ಹೋಗಲಿಲ್ಲ. ನನಗೇನಾಗಿದೆ, ನಾನೇನು ರೋಗಿಯಾ ಎಂದು ದಿನ ತಳ್ಳಿದಳು. ಕೊನೆಗೆ ಹಾಸಿಗೆಯವರು ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. “ನಾನು ಆಸ್ಪತ್ರೆಗೆ... ಹೋಗ್ತಿದೀನಿ. ಒಬ್ನೇ ಕಳಿಸ್ತೀಯೋ... ಬರ್ತೀಯೋ?” ಕಡ್ಡಿ ಮುರಿದಂತೆ ಕೇಳಿದರು. ಇಂಥ ಗಂಡಸಿಗೆ ಏನು ಹೇಳುವುದು? ಹೋದಳು. ಮಂಡಿ ಸವೆದಿದೆ, ನೋವಿಗೆ ಹೆದರಿ ತೊಡೆ ಕೆಲಸ ಬಿಟ್ಟಿದೆ, ತೊಡೆಗೆ ಬಲ ಬಂದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ ಎಂದರು ಮೂಳೆ ಡಾಕ್ಟರು. ನೋಯುವ ಮಂಡಿಯಲ್ಲಿ ಕಸರತ್ತು ಕಷ್ಟ, ಆಯಸ್ಕಾಂತದಿಂದ ಶುರುಮಾಡೋಣ ಎಂದು ಬರೆದುಕೊಟ್ಟರು. ಗಂಡನಿಗೆಂದು ಹುಡುಕಿಕೊಂಡು ಹೋಗಿದ್ದ ಕುರ್ಚಿ ಹೆಂಡತಿಯ ಪಾಲಿಗೆ ಬಂತು.

ಮೊದಲ ದಿನ ಇಸ್ತ್ರಿಯಕ್ಕ ಬೆಳಗಿನ ಹಾಸುಬಟ್ಟೆಗಳನ್ನೆಲ್ಲ ಮುಗಿಸಿ, ಕೈಯ ಬಿಸಿ ಆರುವ ಮೊದಲೇ ಬಂದಿದ್ದಳು. ಹಾಸಿಗೆಯವರು ಅವಳಿಗಿಂತ ಮೊದಲೇ ಬಂದು, ನಿಂತು ನಿಂತು ಮಹಡಿ ಹತ್ತಿ, ಕೋಣೆಯ ಸ್ಟೂಲಿನ ಮೇಲೆ ಕೂತಿದ್ದರು. ಮ್ಯಾಗ್ನೆಟ್ ಮೇಡಂ ಈ ಸಲ ಬೇರೆ, ಅಗಲವಾದ ಸುರುಳಿಯೊಂದನ್ನು ತೊಡೆಯ ಮೇಲೆ ಕಟ್ಟಿ, ಕಿವಿಗೆ ಹತ್ತಿ ಕೊಟ್ಟಳು.

“ಇದು ಒಂದೊಂದೇ ಹೊಡೆತ ಅಲ್ಲಮ್ಮ, ಸಾಲಾಗಿ ಬರತ್ತೆ. ಸ್ನಾಯು ಹಿಡಿಯತ್ತೆ, ಬಿಡತ್ತೆ, ಹಿಡಿಯತ್ತೆ, ಬಿಡತ್ತೆ. ಕೆಲಸ ಎಲ್ಲ ಅದೇ ಮಾಡ್ಕೊಳ್ಳತ್ತೆ.”

“ಅಷ್ಟು ಹೊತ್ತು ನಾನೇನು ಮಾಡ್ಲಿ?”

“ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಮ್ಮ.” ಮೇಡಂ ಟವೆಲ್ಲಿನ ಟ್ರಾಲಿಯನ್ನು ಅವಳ ಕೈಗೆ ಸಿಗದ ದೂರಕ್ಕೆ ತಳ್ಳಿದಳು.

ಮಿಷಿನ್ನು ಟರ್‌ರ್ ಎಂದಿತು. ತೊಡೆ ಗಟ್ಟಿಯಾಗಿ ಮೇಲೆದ್ದು, ಕಾಲು ಚಾಚಿಕೊಂಡು, ಮತ್ತೆ ಇಳಿಯಿತು. ಮೊದಮೊದಲು ಅವಳು ಅದರ ಜೊತೆಗೇ ಬಿಗಿಯುತ್ತಿದ್ದಳು, “ಸಹಾಯ ಬೇಡ” ಎಂದು ಮೇಡಂ ಗದರಿಸುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ತನ್ನ ಕಾಲನ್ನು ಸುಮ್ಮನೆ ನೋಡತೊಡಗಿದಳು. ಅದು ಅವಳನ್ನು ಕೇಳದೆ ಏಳುತ್ತಿತ್ತು, ಇಳಿಯುತ್ತಿತ್ತು. ಅವಳಿಲ್ಲದೆಯೂ ಒಂದು ಕೆಲಸ ನಡೆಯುತ್ತಿದೆ. ಯಾರೂ ಕರೆಯುತ್ತಿಲ್ಲ, ಎಲ್ಲೂ ಏನೂ ಬೀಳುತ್ತಿಲ್ಲ. ಮಿಷಿನ್ನಿನ ಗದ್ದಲ ಅವಳಿಗೇನು ಹೊಸತಲ್ಲ. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ.

ಎಚ್ಚರವಾದಾಗ ಸದ್ದು ನಿಂತಿತ್ತು. ಕಿವಿಯ ಹತ್ತಿ ಒಂದು ಬದಿ ಜಾರಿತ್ತು. ಕಣ್ಣು ತೆರೆಯಲು ಇನ್ನೂ ಮನಸ್ಸು ಬಂದಿರಲಿಲ್ಲ. ಬಾಗಿಲ ಬಳಿ ಮೇಡಂ ಪಿಸುಗುಟ್ಟುತ್ತಿದ್ದಳು, “ಮುಂದಿನೋರು ಕಾಯ್ತಿದಾರೆ ಯಜಮಾನ್ರೇ, ಎಬ್ಬಿಸ್ಲಾ?”

ಸ್ಟೂಲು ಕಿರ್ರೆಂದಿತು. ಗಂಡ ಎದ್ದು ನಿಂತದ್ದು, ಎರಡು ಹೆಜ್ಜೆ ಇಟ್ಟು ಉಸಿರು ಹುಡುಕಿದ್ದು ಅವಳಿಗೆ ಕೇಳಿಸಿತು.

“ಎಬ್ಬಿಸ್ಬೇಡಿ ತಾಯಿ. ಕಾಯ್ತಿರೋರಿಗೆ... ನಾನು ಹೇಳ್ತೀನಿ. ಇನ್ನೊಂದು ಸ್ವಲ್ಪ... ಹೊತ್ತು.” ಉಸಿರು. “ಅವಳಿಗೆ... ಸುಸ್ತಾಗಿದೆ.”

ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೂ ಅವಳ ಬಗ್ಗೆ ಹೇಳಿರಲಿಲ್ಲ. ಮುಚ್ಚಿದ ರೆಪ್ಪೆಯಡಿಯಿಂದ ನೀರು ಕಿವಿಯ ಕಡೆಗೆ ಹರಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಇನ್ನೊಂದು ಸಲ ಹೇಳಿಯಾರೇನೋ ಎಂದು ನಿದ್ದೆ ಬಂದವಳಂತೆಯೇ ಮಲಗಿದ್ದಳು.